ತಲೆ ಬಗ್ಗಿಸಿ ಬಂದ ಹಾದಿ

ನಮ್ಮೂರಿನಿಂದ ಆಚೆ ಊರಿಗೆ ಮೂವತ್ತೊಂದು ಕಿಲೋಮೀಟರ್. ಐವತ್ತು ನಿಮಿಷದ ಹಾದಿ. ಹನ್ನೆರಡು ವರ್ಷದಿಂದ ಪ್ರತಿ ಮಂಗಳವಾರ ಓಮ್ನಿ ತುಂಬ ಖಡಕ್ ರೊಟ್ಟಿ ಹೇರಿಕೊಂಡು ಹೋಗಿ, ಆ ಊರಿನ ಖಾನಾವಳಿಗಳಿಗೆ ಹಾಕಿ, ಮಧ್ಯಾಹ್ನದ ಊಟಕ್ಕೆ ಮನೆ ಮುಟ್ಟುವವಳು ನಾನು. ಅಂಥ ನಾನು ಅದೇ ಹಾದಿಯಲ್ಲಿ, ಅದೇ ಓಮ್ನಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟು ಹನ್ನೊಂದಾದರೂ ಊರು ಕಾಣಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಕಾದರೆ ನನ್ನ ಅತ್ತೆ ಬಾಳವ್ವನವರನ್ನು ಒಮ್ಮೆ ನೀವೂ ಗಾಡಿಯಲ್ಲಿ ಕೂರಿಸಿಕೊಂಡು ಹೊರಡಬೇಕು.

ಹಾದಿ ಮುಗಿಸದವರನ್ನು ಗಾಡಿ ಹತ್ತಿಸಬಾರದು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಗಾಡಿಯಲ್ಲಿ ಕೂತವರ ಪೈಕಿ ಒಬ್ಬರೇ ಒಬ್ಬರು ಹಾದಿಬದಿಯ ಯಾವುದಾದರೊಂದನ್ನು ಇದುವರೆಗೆ ನೋಡಿಲ್ಲ ಅಂದರೆ, ಗಾಡಿ ಸರಿಯಾಗಿ ಅದರ ಎದುರು ಹೋಗಿ ನಿಲ್ಲುತ್ತದೆ. ಎತ್ತಿನ ಗಾಡಿಯಾದರೆ ಎತ್ತು ನಿಲ್ಲುತ್ತದೆ, ಮೋಟಾರಾದರೆ ಎಂಜಿನ್ ನಿಲ್ಲುತ್ತದೆ. ನೋಡದವರು ನೋಡಿದ ಮೇಲೆ ತಾನೇ ಹೊರಡುತ್ತದೆ. ಸುಮ್ಮನೆ ಕಣ್ಣು ಹಾಯಿಸಿದರೆ ಆಗದು, ಮನಸ್ಸಿಟ್ಟು ನೋಡಬೇಕು. ಕಣ್ಣು ಮುಚ್ಚಿಕೊಂಡು ಕೂತರೂ ಬಿಡುವುದಿಲ್ಲ, ನಿದ್ದೆ ಹೋದರೂ ಬಿಡುವುದಿಲ್ಲ. ನಡೆದು ಹೋಗುವವರಿಗೆ ಮಾತ್ರ ಈ ಕಾಟ ಇಲ್ಲ. ಕಾಟವೆಲ್ಲ ಗಾಲಿಗೆ.

ಹಾಗಾಗಿ ಭಾನುವಾರ ಬಂತೆಂದರೆ ನಮ್ಮೂರಿನವರು ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿ ತುಂಬಿಕೊಂಡು ಹಾದಿ ಮುಗಿಸಲು ಹೋಗುತ್ತಾರೆ. ಬೇರೆ ಕಡೆಯವರು ಇದನ್ನು ಪ್ರವಾಸ ಅನ್ನಬಹುದು. ನಮಗೆ ಇದು ಹಾಸಿಗೆ ಬಿಸಿಲಿಗೆ ಹಾಕಿದ ಹಾಗೆ ಒಂದು ಕೆಲಸ. ಹೆಣ್ಣು ನೋಡಲು ಬಂದವರು ಅಡುಗೆಯ ಮಾತು ಆಮೇಲೆ ಎತ್ತುತ್ತಾರೆ, ಮೊದಲು ಕೇಳುವುದು “ಹುಡುಗಿದು ಎಷ್ಟ್ ಹಾದಿ ಮುಗದೈತ್ರಿ?” ಅಂತ. ಬಸ್ಸಿನ ಕಂಡಕ್ಟರ್ ಟಿಕೆಟಿಗೆ ಮೊದಲು ಅದನ್ನೇ ಕೇಳುತ್ತಾನೆ. ಸುಳ್ಳು ಹೇಳಿ ಹತ್ತಿದವರು ಅರ್ಧ ದಾರಿಯಲ್ಲಿ ನಲವತ್ತು ಮಂದಿಯ ಬಾಯಿಗೆ ಬೀಳುತ್ತಾರೆ. ಒಮ್ಮೆ ಕಂತ್ರಾಟುದಾರ ಗುರುಪಾದಪ್ಪ ಯಾರಿಗೂ ಹೇಳದೆ ಕೇಳದೆ ಹಾದಿಬದಿಯ ಹೊಸ ಮನೆಯ ಮೇಲೆ ಕೆಂಪು ನಾಲಿಗೆಯ ಸಿಮೆಂಟಿನ ಸಿಂಹ ಕೂರಿಸಿದ್ದ. ಮೂರು ದಿನ ಎರಡೂ ಊರಿನ ಗಾಡಿಗಳು ಒಂದರ ಹಿಂದೊಂದು ನಿಂತು, ಹಾಲು ಒಡೆದು, ಮದುವೆಯೊಂದು ಮುಂದಕ್ಕೆ ಹೋಯಿತು. ಅಂದಿನಿಂದ ಹಾದಿಬದಿಯಲ್ಲಿ ಹೊಸದೇನು ಮಾಡಿದರೂ ಎಂಟು ದಿನ ಮೊದಲೇ ಡಂಗುರ ಸಾರಬೇಕು.

ಹಾದಿ ವಿನಾಯಿತಿ ಕೊಡುವುದು ಇಬ್ಬರಿಗೆ ಮಾತ್ರ. ಹಲ್ಲು ಬರದ ಕೂಸುಗಳಿಗೆ ಮತ್ತು ಬಾಸಿಂಗ ಕಟ್ಟಿದ ಮದುಮಕ್ಕಳಿಗೆ. ಈ ಎರಡನೆಯ ಮಾತನ್ನು ನಮ್ಮ ಮನೆಯವರೆಲ್ಲ ಮರೆತು ಕೂತದ್ದೇ ಆ ಭಾನುವಾರದ ಅನಾಹುತಕ್ಕೆ ಮೂಲ.

ಅತ್ತೆಗೆ ಒಬ್ಬರೇ ತಂಗಿ, ತಿಪ್ಪವ್ವ. ಆಚೆ ಊರಿಗೆ ಕೊಟ್ಟಿದ್ದಾರೆ. ರೈಲು ಓಡುತ್ತಿದ್ದ ಕಾಲದಲ್ಲಿ ಅವರು ಮೂರು ಸಲ ರೈಲು ಹತ್ತಿ ಅಕ್ಕನ ಮನೆಗೆ ಬಂದು ಹೋಗಿದ್ದರಂತೆ. ರೈಲಿನ ಹಾದಿಯೇ ಬೇರೆ, ಅದಕ್ಕೆ ಈ ಕಟ್ಟಳೆ ಇಲ್ಲ. ಆಮೇಲೆ ರೈಲು ನಿಂತಿತು, ಸಣ್ಣತ್ತೆಯ ಬರುವಿಕೆಯೂ ನಿಂತಿತು. “ನಾ ಮೂರ ಸಲ ಬಂದೇನಿ, ಇನ್ನ ಆಕಿ ಪಾಳಿ” ಅಂತ ಹಟ. ನಮ್ಮತ್ತೆ ಮನೆ ಬಿಟ್ಟು ಕದಲುವವರಲ್ಲ. ಹತ್ತೊಂಬತ್ತು ವರ್ಷದಿಂದ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಲ್ಲ. ನೋಡದಿದ್ದರೂ ಬೈದಾಟ ಬಿಟ್ಟಿಲ್ಲ, ಯಾಕೆಂದರೆ ಹೊತ್ತು ಹಾಕಲು ನಾನಿದ್ದೆನಲ್ಲ. ಪ್ರತಿ ಮಂಗಳವಾರ ರೊಟ್ಟಿ ಹಾಕಿ ಸಣ್ಣತ್ತೆಯ ಮನೆಗೆ ಹೋದರೆ, ಚಹಾದ ಜೊತೆ ಒಂದು ಚುಚ್ಚುಮಾತು ಕಟ್ಟಿ ಕೊಡುತ್ತಿದ್ದರು. “ನಿಮ್ಮತ್ತಿಗೆ ಹೇಳು, ಆಕಿ ಮನಿ ಒಲಿ ಆಕಿನ್ನ ಬಿಟ್ಟು ಎಲ್ಲೂ ಓಡಿ ಹೋಗೂದಿಲ್ಲಂತ.” ಅದನ್ನು ತಂದು ಮುಟ್ಟಿಸಿದರೆ ನಮ್ಮತ್ತೆಯದು ಇನ್ನೊಂದು. “ಆಕಿಗೆ ಹೇಳು, ಸೊಸಿ ಕೈಯಾಗ ಮನಿ ಕೊಟ್ಟ ತಿರಗ್ಯಾಡಾಕ ನನಗೇನ ತಲಿ ಕೆಟ್ಟಿಲ್ಲಂತ.” ಆ ಸೊಸೆ ನಾನೇ. ನನ್ನನ್ನು ಬೈದ ಮಾತನ್ನು ನಾನೇ ಮೂವತ್ತೊಂದು ಕಿಲೋಮೀಟರ್ ಪೆಟ್ರೋಲ್ ಸುಟ್ಟು ಮುಟ್ಟಿಸಿ ಬರಬೇಕು. ಹೇಳಿ, ಇಂಥ ಬಾಳು ಯಾರಿಗಾದರೂ ಬೇಕೇ?

ಹೀಗಿರುವಾಗ ಸಣ್ಣತ್ತೆಯ ಮಗ ಶಿವಪುತ್ರನಿಗೆ ಹೆಣ್ಣು ಹುಟ್ಟಿತು. ಆ ಮಂಗಳವಾರ ಸಣ್ಣತ್ತೆ ಚಹಾ ಕೊಡಲಿಲ್ಲ, ನೇರವಾಗಿ ಮಾತಿಗೆ ಬಂದರು. “ಕಸ್ತೂರಿ, ಕೂಸಿಗೆ ನಮ್ಮವ್ವನ ಹೆಸರು ಇಡಾವ್ರು, ಹೊನ್ನವ್ವ ಅಂತ. ನಮ್ಮವ್ವನ ಹೆಸರು ಕಿವ್ಯಾಗ ಹೇಳಾಕ ನಮ್ಮವ್ವನ ಹಿರಿ ಮಗಳಾನ ಬೇಕು. ಬರೂ ಐತಾರ, ಹನ್ನೊಂದೂವರಿ ಒಳಗ. ಬಂದ್ಲೋ ಸರಿ. ಬರ್ಲಿಲ್ಲ ಅಂದ್ರ ಬೀಗತಿ ಕೈಲೆ ಹೆಸರ ಇಡಸ್ತೀನಿ. ಆಮ್ಯಾಲ ನಿಮ್ಮತ್ತಿ ಸತ್ತರ ನಾ ಬರೂದಿಲ್ಲ, ನಾ ಸತ್ತರ ಆಕಿ ಬರೂದು ಬ್ಯಾಡ.” ದನಿಯಲ್ಲಿ ತಮಾಷೆ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ನಾನು ಹೊತ್ತ ಮಾತುಗಳಲ್ಲೆಲ್ಲ ಭಾರವಾದದ್ದು ಅದು.

ಮನೆಗೆ ಬಂದು ಹೇಳಿದೆ. ಅತ್ತೆ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು, ಸೆರಗಿನಿಂದ ಮೂಗು ಒರೆಸಿಕೊಂಡರು. “ಹೋಗೂಣು” ಅಂದರು. ಅಷ್ಟೇ. ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಆದರೂ ಗಾಡಿ ಓಡಿಸುವವಳು ನಾನು, ಕೇಳಬೇಕಾದ್ದನ್ನು ಕೇಳಿದೆ. “ಅತ್ತಿ, ನಿಮ್ಮದು ಹಾದಿ ಮುಗದೈತೇನ್ರಿ?”

“ಮುಗೀದ ಏನ? ಲಗ್ನಾಗಿ ಇದ ಹಾದ್ಯಾಗ ಬಂದಾಕಿ ಅಲ್ಲೇನ ನಾ?”

ನಮ್ಮ ಮನೆಯವರು ಪಕ್ಕದಲ್ಲೇ ಕೂತು ಶೇಂಗಾ ಒಡೆಯುತ್ತಿದ್ದರು. “ನಮ್ಮವ್ವ ಸುಳ್ಳ ಹೇಳಾಕಿ ಅಲ್ಲ” ಅಂತ ಶಿಫಾರಸು ಬೇರೆ ಮಾಡಿದರು. ಅದು ನಿಜ. ಅತ್ತೆ ಸುಳ್ಳು ಹೇಳಲಿಲ್ಲ. ನಾವು ಮೂವರೂ ದಡ್ಡರು, ಅಷ್ಟೇ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಅತ್ತೆ ಇಳಕಲ್ ಸೀರೆ ಉಟ್ಟು ಮುಂದೆ ನನ್ನ ಪಕ್ಕ ಕೂತರು. ಹಿಂದೆ ಕುಬುಸದ ಬಟ್ಟೆ, ಕೊಬ್ಬರಿ, ಬೆಲ್ಲ, ಒಂದು ಡಬ್ಬಿ ಚಕ್ಕುಲಿ, ಅವುಗಳ ನಡುವೆ ನಮ್ಮ ಮನೆಯವರು. ಎಂಟಕ್ಕೆ ಮುಟ್ಟಿ, ಸಣ್ಣತ್ತೆಯ ಕೈಯ ಉಪ್ಪಿಟ್ಟು ತಿಂದು, ಆರಾಮಾಗಿ ತೊಟ್ಟಿಲು ಕಟ್ಟುವುದು ಅಂತ ನನ್ನ ಯೋಜನೆ. ಊರ ಅಗಸೆ ಬಾಗಿಲು ದಾಟಿ ಅರ್ಧ ಕಿಲೋಮೀಟರ್ ಹೋಗಿಲ್ಲ, ಗಾಡಿ ಗಕ್ಕನೆ ನಿಂತಿತು.

“ಪೆಟ್ರೋಲ್ ಹಾಕಸಿಲ್ಲೇನ?” ಅಂದರು ಹಿಂದಿನವರು.

“ನಿನ್ನೆ ಹಾಕಸೇನ್ರಿ.”

“ಹಂಗಾರ ಪ್ಲಗ್ ಹೋಗಿರಬೇಕು.”

ನಾನು ಕೆಳಗಿಳಿದೆ. ಎದುರಿಗೆ ಆ ಹಳೆಯ ರೋಡ್ ರೋಲರ್. ಯಾವ ಕಾಲದಲ್ಲೋ ಡಾಂಬರು ಹಾಕಲು ಬಂದು ಅಲ್ಲೇ ಕೆಟ್ಟು ನಿಂತದ್ದು. ಅದರ ಹೊಗೆ ಕೊಳವೆಯೊಳಗಿಂದ ಒಂದು ಬೇವಿನ ಗಿಡ ಎದ್ದು, ಈಗ ರೋಲರಿಗಿಂತ ಎತ್ತರವಾಗಿದೆ. ನಮ್ಮೂರಿನಲ್ಲಿ ಎರಡು ವರ್ಷದ ಮಗುವೂ ಮೊದಲು ನೋಡಿ ಮುಗಿಸುವುದು ಅದನ್ನೇ. ನಾನು ಸೀಟು ಎತ್ತಿ ಎಂಜಿನ್ ನೋಡಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ. “ಅಯ್ಯ ಶಿವನೆ! ಕಬ್ಬಣದಾಗ ಗಿಡ ಹೆಂಗ ಹುಟ್ಟೇತಿ?”

ಹೋಗಿ ಕಿಟಕಿಯಲ್ಲಿ ಬಗ್ಗಿ ಕೇಳಿದೆ. “ಅತ್ತಿ, ನೀವು ಇದನ್ನ ಮೊದಲ ನೋಡಿಲ್ಲಾ?”

“ಇಲ್ಲ.”

“ಇದ ಹಾದ್ಯಾಗ ಬಂದೇನಿ ಅಂದ್ರೆಲ್ಲ!”

“ಬಂದೇನಿ. ತಲಿ ಬಗ್ಗಿಸ್ಕೊಂಡ ಬಂದೇನಿ. ಬಾಸಿಂಗ ಕಟ್ಟಿದ ಮ್ಯಾಲ ಗಂಡನ ಮನಿ ಹೊಸ್ತಲ ದಾಟೂತನಾ ತಲಿ ಎತ್ತಬ್ಯಾಡ ಅಂದಿದ್ರು. ಗಾಡ್ಯಾಗಿನ ಹುಲ್ಲು ನೋಡೇನಿ, ನನ್ನ ಕಾಲುಂಗ್ರ ನೋಡೇನಿ. ಮತ್ತ ಯಾವದೋ ಮುದುಕಿ ಕಾಲ ಇತ್ತು, ಅದನ್ನ ನೋಡೇನಿ.”

ನಾನು ಕಿಟಕಿಯ ಅಂಚಿಗೆ ಹಣೆ ಇಟ್ಟು ನಿಂತೆ. ಅಂದರೆ ಮೂವತ್ತೊಂದು ಕಿಲೋಮೀಟರಿನಲ್ಲಿ ಒಂದು ಕಲ್ಲು, ಒಂದು ಗಿಡ, ಒಂದು ಗೂಡಂಗಡಿ ಸಹ ಇವರು ನೋಡಿಲ್ಲ. ಮದುವೆಯಾಗಿ ಬಂದ ನಲವತ್ತಮೂರು ವರ್ಷದಲ್ಲಿ ಒಂದು ಸಲವೂ ಗಾಡಿ ಹತ್ತಿಲ್ಲ. ಮನೆಯಲ್ಲಿ ಯಾರೂ ಕೇಳಿಲ್ಲ, ಇವರೂ ಹೇಳಿಲ್ಲ. ಹಿಂದಿನಿಂದ ಚಕ್ಕುಲಿ ಮುರಿದ ಸದ್ದು ಕೇಳಿತು. “ಸಿಟ್ಟಾಗಬ್ಯಾಡ ಕಸ್ತೂರಿ, ನಾಲ್ಕ ತಾಸ ಟೈಮ್ ಐತಿ” ಅಂದರು ನಮ್ಮ ಮನೆಯವರು. ಹೌದು, ನಾಲ್ಕು ತಾಸು ಇತ್ತು. ನೋಡುವವರು ಬೇರೆ ಯಾರಾದರೂ ಆಗಿದ್ದರೆ ಸಾಕೂ ಆಗುತ್ತಿತ್ತು.

ಅತ್ತೆ ನೋಡುವ ರೀತಿ ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ. ಗಿಡ ಯಾರು ನೆಟ್ಟರು, ರೋಲರ್ ಯಾರದು, ಅದರ ಡ್ರೈವರ್ ಈಗ ಎಲ್ಲಿದ್ದಾನೆ, ಅವನಿಗೆ ಹೆಂಡತಿ ಮಕ್ಕಳು ಇಲ್ಲವೇ, ಹೀಗೆ ಬಿಟ್ಟು ಹೋದರೆ ಸರ್ಕಾರ ಕೇಳುವುದಿಲ್ಲವೇ. ಎಲ್ಲಕ್ಕೂ ಉತ್ತರ ಸಿಗುವವರೆಗೆ ಅವರ ನೋಟ ಮುಗಿಯುವುದಿಲ್ಲ, ನೋಟ ಮುಗಿಯುವವರೆಗೆ ಗಾಡಿ ಹೊರಡುವುದಿಲ್ಲ. ಉತ್ತರ ಗೊತ್ತಿಲ್ಲದ್ದಕ್ಕೆ ನಾನು ಉತ್ತರ ಹುಟ್ಟಿಸಿ ಹೇಳಿದೆ. ಡ್ರೈವರನಿಗೆ ಇಬ್ಬರು ಹೆಣ್ಣುಮಕ್ಕಳು ಅಂದೆ, ಹಿರಿಯಳದು ಮದುವೆ ಆಗಿದೆ ಅಂದೆ. “ಯಾವೂರಿಗೆ ಕೊಟ್ಟಾರ?” ಅಂದರು. ಯಾವೂರಿಗೋ ಕೊಟ್ಟೆ. ಆಗ ಎಂಜಿನ್ ಗುರ್ ಅಂದಿತು.

ಮುಂದಿನದು ಕನ್ನಡಿ ಗಿಡ. ಹಿಂದೆ ಅಲ್ಲೊಬ್ಬ ಕ್ಷೌರಿಕ ಕೂರುತ್ತಿದ್ದ. ಅವನು ಹೋದ ಮೇಲೂ ಆಲದ ಬೊಡ್ಡೆಗೆ ಜಡಿದ ಅವನ ಕನ್ನಡಿಯನ್ನು ಯಾರೂ ಕಿತ್ತಿಲ್ಲ. ಬೊಡ್ಡೆ ಬೆಳೆದು ಕನ್ನಡಿಯ ಅಂಚನ್ನೆಲ್ಲ ನುಂಗಿ, ಈಗ ಗಿಡಕ್ಕೇ ಕಣ್ಣು ಬಂದ ಹಾಗೆ ಕಾಣುತ್ತದೆ. ಅತ್ತೆ ಗಾಡಿ ಇಳಿದರು. ಕನ್ನಡಿಯಲ್ಲಿ ಮುಖ ನೋಡಿದರು, ಹಿಂದೆ ಸರಿದು ಸೀರೆ ನೋಡಿದರು, ತಿರುಗಿ ಬೆನ್ನು ನೋಡಲು ಹೋಗಿ ಕುತ್ತಿಗೆ ಹಿಡಿದುಕೊಂಡಿತು. ಅಷ್ಟರಲ್ಲಿ ಬಸ್ಸು ಬಂತು. ಅದರಲ್ಲಿದ್ದವರೆಲ್ಲ ಹಾದಿ ಮುಗಿಸಿದವರು, ನಮ್ಮನ್ನು ದಾಟಿ ಹೋಗುತ್ತ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕರು. “ಏನ ರೊಟ್ಟಿ ಕಸ್ತೂರಕ್ಕಾ, ಕನ್ನಡಿ ಗಿಡದ ಹತ್ರ ನಿಂತೀದಿ? ಹನ್ನೆರಡ ವರ್ಷ ಕಣ್ಣ ಮುಚಗೊಂಡ ಗಾಡಿ ಓಡಸಿದೇನ?” ಅಂತ ಕಂಡಕ್ಟರ್ ಕೂಗಿದ. ಜೀವನದಲ್ಲಿ ಅಂಥ ಅವಮಾನ ನಾನು ಕಂಡಿರಲಿಲ್ಲ.

ಆಮೇಲಿನದನ್ನೆಲ್ಲ ವಿವರವಾಗಿ ಹೇಳಿದರೆ ನೀವೂ ನನ್ನ ಹಾಗೆ ಹಣೆ ಬಡಿದುಕೊಳ್ಳುತ್ತೀರಿ. ನಾಲ್ಕನೇ ಮೈಲಿಗಲ್ಲಿಗೆ ಯಾರೋ ಹರಕೆ ಹೊತ್ತು ಕುಬುಸ ತೊಡಿಸಿದ್ದಾರೆ. ಅದರ ಹೊಲಿಗೆ ಸರಿ ಇಲ್ಲವೆಂದು ಅತ್ತೆ ಹದಿನೈದು ನಿಮಿಷ ನೋಡಿದರು. ಬೀಗ ಹಾಕಿದ ಬಾವಿಯ ಹತ್ತಿರ “ನೀರಿಗೂ ಬೀಗ ಜಡದಾರಲ್ಲ, ಕಲಿಗಾಲ” ಅಂತ ಒಂದು ಪಾಠ ಆಯಿತು. ಗಾಲಿ ಇಲ್ಲದ ಹಳೆಯ ಬಸ್ಸಿನಲ್ಲಿ ಸಂಸಾರ ಮಾಡಿಕೊಂಡಿರುವ ಹನುಮವ್ವ, ಡ್ರೈವರ್ ಸೀಟಿನ ಜಾಗದಲ್ಲಿ ಒಲೆ ಹೂಡಿದ್ದನ್ನು ತೋರಿಸಿ ಮಜ್ಜಿಗೆ ಕೊಟ್ಟಳು. ಅತ್ತೆ ಮಜ್ಜಿಗೆ ಕುಡಿದು, ಮಕ್ಕಳನ್ನೆಲ್ಲ ಮಾತಾಡಿಸಿ, ಹಿಂದಿನ ಸೀಟಿನ ತೊಟ್ಟಿಲನ್ನು ಇಣುಕಿ ನೋಡಿ, “ಮನಿ ಅಂದ್ರ ಹಿಂಗ ಇರಬೇಕು, ಯಾವಾಗ ಬೇಕಾದ್ರೂ ಹೊಂಟೇತಿ ಅನ್ನೂಹಂಗ” ಅಂದರು. ನಾನು ಕೈಗಡಿಯಾರ ನೋಡುತ್ತ ನಿಂತಿದ್ದೆ. ಶಿವಪುತ್ರನ ಫೋನು ಕಾಲು ತಾಸಿಗೊಮ್ಮೆ.

“ಎಲ್ಲಿ ಅದೀರಿ ವೈನಿ?”

“ಹನುಮವ್ವನ ಬಸ್ಸಿನ ಹತ್ರ.”

“ಏನ ತಮಾಷಿ ಮಾಡ್ತೀರಿ? ಅರ್ಧ ತಾಸಿನ ಹಿಂದ ಬೀಗದ ಬಾವಿ ಅಂದ್ರಿ! ಅಲ್ಲಿಂದ ಅಲ್ಲಿಗೆ ಏನ್ ತೆವಕೊಂತ ಬಂದ್ರ್ಯಾ?” ಹಿಂದಿನಿಂದ ಸಣ್ಣತ್ತೆಯ ದನಿ ಕೇಳುತ್ತಿತ್ತು. “ಆಕಿ ಬರೂದಿಲ್ಲ ಬಿಡಲೇ. ನಡುದಾರ್ಯಾಗಿಂದ ತಿರುಗಿ ಹೊಕ್ಕಾಳ. ನನಗ ಗೊತ್ತಿಲ್ಲೇನ ನಮ್ಮಕ್ಕ!” ನಾನು ಫೋನನ್ನು ಅತ್ತೆಯ ಕಿವಿಗೆ ಹಿಡಿಯಲು ಹೋದೆ. ಅವರು ಮುಖ ತಿರುಗಿಸಿದರು. “ಬಂದ ಮ್ಯಾಲ ಮಾತಾಡ್ತೀನಿ. ಹತ್ತೊಂಬತ್ ವರ್ಷದ್ದು ಈ ಡಬ್ಬ್ಯಾಗ ಹಿಡಿಯೂದಿಲ್ಲ.”

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಬಾಗಿಲ ಹೊಲ. ಹಳೆಯ ಮನೆ ಕೆಡವಿದವರಿಂದ ಬಾಗಿಲು ಕಿಟಕಿ ಕೊಂಡು ಮಾರುವ ದಾದಾಪೀರ್ ಸಾಹೇಬರು, ಗೋಡೆ ಇಲ್ಲದೆ ಬರಿ ಬಾಗಿಲುಗಳನ್ನೇ ಚೌಕಟ್ಟು ಸಮೇತ ಹೊಲದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ನಲವತ್ತು ಐವತ್ತು ಬಾಗಿಲು. ಗಾಳಿ ಬಂದರೆ ಎಲ್ಲ ಒಟ್ಟಿಗೆ ಕಿರುಗುಟ್ಟುತ್ತವೆ. ಅತ್ತೆ ಒಂದೊಂದನ್ನೇ ತೆರೆದು, ದಾಟಿ, ಮುಚ್ಚಿ ಮುಂದೆ ಹೋದರು. ಹನ್ನೊಂದನೆಯದರ ಮುಂದೆ ನಿಂತುಬಿಟ್ಟರು.

“ಕಸ್ತೂರಿ, ಇದು ನಮ್ಮವ್ವನ ಮನಿ ಬಾಗಲಾ.”

ದಾದಾಪೀರ್ ಸಾಹೇಬರು ನಕ್ಕರು. “ಅಲ್ಲ ಬೇ ಅವ್ವಾ, ಇದು ಹಳೇ ಟಪಾಲ ಆಫೀಸಿಂದು. ನೋಡು, ಕಾಗದ ಹಾಕೂ ಕಿಂಡಿ ಐತಿ.”

“ಆ ಕಿಂಡಿ ಆಮ್ಯಾಲ ಮಾಡ್ಯಾರ. ಈ ಚಿಲಕ ನಮ್ಮದ. ನಾನು ತಿಪ್ಪಿ ಇಬ್ಬರೂ ಇದಕ್ಕ ಜೋತ ಬಿದ್ದು ಆಡ್ತಿದ್ವಿ.”

“ನಾನ ಕೈಯಾರೆ ಕಿತ್ತ ತಂದೇನಿ ಯವ್ವಾ, ಪೋಸ್ಟ್ ಮಾಸ್ತರ ನಿಂತ ನೋಡ್ಯಾನ.”

“ಪೋಸ್ಟ್ ಮಾಸ್ತರಗ ಏನ ಗೊತ್ತ, ಅಂವಾ ಬ್ಯಾರೆ ಊರಾಂವ.”

ವಾದ ಇಪ್ಪತ್ತೈದು ನಿಮಿಷ ನಡೆಯಿತು. ಹತ್ತೂ ನಲವತ್ತಾಗಿತ್ತು. ನನ್ನ ತಾಳ್ಮೆ ಹರಿದು ಹೋಯಿತು. ಬಾಗಿಲುಗಳ ನಡುವೆ ನಿಂತು ಕೂಗಿಬಿಟ್ಟೆ. “ಅತ್ತಿ, ಸಾಕ್ರಿ! ನಲವತ್ಮೂರ ವರ್ಷ ಏನ್ ಮಾಡ್ತಿದ್ರಿ? ಭಾನುವಾರಕ್ಕೊಂದು ನೋಡಿದ್ರೂ ಇಷ್ಟೊತ್ತಿಗೆ ಹಾದಿ ಮುಗೀತಿತ್ತು. ಇವತ್ತ, ಕೂಸು ತೊಟ್ಟಲಾಗ ಹಾಕೂ ದಿನ, ನಿಮಗ ಲೋಕಾ ಎಲ್ಲಾ ನೋಡಬೇಕಾಗೇತಿ!”

ಅತ್ತೆ ಚಿಲಕ ಬಿಟ್ಟು ನನ್ನ ಕಡೆ ತಿರುಗಿದರು. ಸಿಟ್ಟಾಗಲಿಲ್ಲ. “ನೀ ಹನ್ನೆರಡ ವರ್ಷದಿಂದ ಮಂಗಳವಾರಕ್ಕೊಮ್ಮೆ ಹೊಕ್ಕಿ. ಒಂದ ದಿನಾ ‘ಬರ್ತೀರೇನ ಅತ್ತಿ’ ಅಂದಿಯೇನು?”

ಗಾಡಿ ತುಂಬ ರೊಟ್ಟಿ ಇರುತ್ತಿತ್ತು ಅನ್ನಬೇಕೆಂದಿದ್ದೆ. ಪಕ್ಕದ ಸೀಟು ಖಾಲಿ ಇರುತ್ತಿತ್ತಲ್ಲ ಅಂತ ಅವರು ಅನ್ನುವುದಕ್ಕೆ ಮೊದಲು ನನಗೇ ಹೊಳೆಯಿತು. ದಾದಾಪೀರ್ ಸಾಹೇಬರು ಆಕಾಶ ನೋಡಿದರು. ನಮ್ಮ ಮನೆಯವರು ಚಕ್ಕುಲಿ ಡಬ್ಬಿಯ ಮುಚ್ಚಳ ಹಾಕಿದರು. ಗಾಡಿ ತಾನಾಗಿ ಗುರ್ ಅಂದಿತು, ಹತ್ತಿ ಕೂತೆವು.

ಹನ್ನೊಂದೂವರೆ ದಾಟಿದಾಗ ಇನ್ನೂ ಐದು ಕಿಲೋಮೀಟರ್ ಇತ್ತು. ಗೊಂಬೆ ಕಟ್ಟಿದ ಹುಣಸೆಮರದ ಹತ್ತಿರ ನಿಂತಾಗ ನಾನೇ ಶಿವಪುತ್ರನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ನಾಲ್ಕನೇ ಸಲಕ್ಕೂ ಎತ್ತದಿದ್ದಾಗ ಗಾಡಿಯೊಳಗೆ ಮೂವರಿಗೂ ಅರ್ಥವಾಯಿತು. ಬೀಗತಿ ಹೆಸರಿಟ್ಟಾಗಿದೆ. ಅತ್ತೆ ಸೆರಗು ಬಿಗಿಯಾಗಿ ಹೊದ್ದುಕೊಂಡು ಮುಂದೆ ನೋಡುತ್ತ ಕೂತರು. “ತಿರುಗಸು ಗಾಡಿ” ಅಂದರು.

“ಯಾಕ್ರಿ?”

“ಆತಲ್ಲ, ಮುಗೀತು. ಹೋಗೂದರಾಗ ಇನ್ನೇನ ತಡಾ ಇಲ್ಲ, ಎಲ್ಲಾ ನೋಡೇನಿ. ಮನಿಗೆ ಹೋಗಿ ಒಲಿ ಹಚ್ಚೂಣು.”

ಆ ಮಾತಿಗೆ ನನಗೆ ಬಂದ ಸಿಟ್ಟು ಬೆಳಗಿನಿಂದ ಬಂದ ಸಿಟ್ಟನ್ನೆಲ್ಲ ಮೀರಿಸಿತು. ಕುಬುಸ ತೊಟ್ಟ ಕಲ್ಲಿಗೆ ಕಾದೆ, ಟಪಾಲು ಬಾಗಿಲಿಗೆ ಕಾದೆ, ಕಂಡಕ್ಟರನ ಹಲ್ಲು ಸಹಿಸಿದೆ, ಈಗ ಐದು ಕಿಲೋಮೀಟರಿಗೆ ತಿರುಗಿಸುವುದೇ? “ತಿರುಗಿಸೂದಿಲ್ಲ” ಅಂದೆ. “ಹೆಸರ ಹೋದ್ರ ಹೋಗ್ಲಿ. ನಿಮ್ಮ ತಂಗಿ ಬಾಗಲಾ ತಟ್ಟಿ, ಬೈಸ್ಕೊಂಡ ಬರೂಣು. ಇನ್ನ ಮ್ಯಾಲ ನಿಮ್ಮಿಬ್ಬರ ಬೈಗಳಾ ನಾ ಹೊರೂದಿಲ್ಲ, ಎದುರಾ ಎದುರಾ ನೀವ ಬೈದಾಡ್ರಿ. ಆ ಗೊಂಬಿ ನೋಡ್ರಿ ಮೊದಲ, ಗಾಡಿ ಹೊರಡ್ಲಿ!” ಹನ್ನೆರಡು ವರ್ಷದಲ್ಲಿ ನಾನು ಅತ್ತೆಗೆ ಎದುರು ಮಾತಾಡಿದ್ದು ಅದೇ ದಿನ, ಅದೂ ಎರಡು ಸಲ. ಅತ್ತೆ ಗೊಂಬೆಗಳನ್ನು ನೋಡಿದರು. ಯಾರು ಕಟ್ಟಿದರು, ಯಾಕೆ ಕಟ್ಟಿದರು ಅಂತ ಏನೂ ಕೇಳಲಿಲ್ಲ. ನಾನೇ ಹೇಳಿದೆ, ಮಕ್ಕಳಾಗದವರು ಕಟ್ಟುತ್ತಾರೆ ಅಂತ. “ಹ್ಞೂಂ” ಅಂದರು.

ಕೊನೆಯ ಎರಡು ಕಿಲೋಮೀಟರ್ ಇದ್ದಾಗ ಹೊರೆಗಲ್ಲಿನ ತಿರುವು ಬಂತು. ಎರಡು ನಿಂತ ಕಲ್ಲು, ಅವುಗಳ ಮೇಲೆ ಎದೆಮಟ್ಟಕ್ಕೆ ಒಂದು ಅಡ್ಡಗಲ್ಲು. ತಲೆಹೊರೆ ಹೊತ್ತು ನಡೆಯುತ್ತಿದ್ದ ಕಾಲದವರು, ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ ಸುಧಾರಿಸಿಕೊಳ್ಳಲಿ ಅಂತ ನಿಲ್ಲಿಸಿದ್ದು. ಗಾಡಿ ಅಲ್ಲಿ ನಿಲ್ಲುತ್ತದೆಂದು ಗೊತ್ತಿದ್ದೇ ಕಾಲು ಬ್ರೇಕಿನ ಮೇಲೆ ಇಟ್ಟಿದ್ದೆ. ನಿಂತಿತು. ಕಲ್ಲಿನ ಆಚೆ ಬದಿಗೆ, ನಮಗೆ ಎದುರಾಗಿ, ಮೂರು ಗಾಲಿಯ ಒಂದು ಟಂಟಂ ನಿಂತಿತ್ತು. ಅದರ ಮುಂದಿನ ಗಾಲಿಗೆ ಒಬ್ಬ ಒದೆಯುತ್ತಿದ್ದ. ಹಾಗೆ ಒದೆಯುವ ಬೇಸರ ನನಗೆ ಬೆಳಗಿನಿಂದ ಚೆನ್ನಾಗಿ ಪರಿಚಯ. ನೋಡಿದರೆ ಶಿವಪುತ್ರ.

ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಕೂಸನ್ನು ಹೊದಿಸಿಕೊಂಡು ಕೂತಿದ್ದಳು. ಅವಳ ಪಕ್ಕ, ಬಣ್ಣದ ಮರದ ತೊಟ್ಟಿಲನ್ನು ತೊಡೆಯ ಮೇಲೆ ಹೊತ್ತುಕೊಂಡು, ಬಾಯಿ ಬಿಗಿದುಕೊಂಡು ತಿಪ್ಪವ್ವ ಸಣ್ಣತ್ತೆ.

“ಫೋನ್ ಯಾಕ ಎತ್ತಲಿಲ್ಲೋ?” ಅಂತ ಕೂಗಿದೆ.

“ಎಲ್ಲಿ ಫೋನ್? ಗಡಿಬಿಡ್ಯಾಗ ಮನ್ಯಾಗ ಬಿಟ್ಟ ಬಂದೇನಿ ವೈನಿ. ಹತ್ತಕ್ಕ ನಮ್ಮವ್ವ ತೊಟ್ಟಲಾ ಬಿಚ್ಚಿ ಟಂಟಮ್ಮಿನ್ಯಾಗ ಇಟ್ಲು. ಆಕಿ ಬರದಿದ್ರ ಆಕಿ ಅಂಗಳದಾಗ ಕಟ್ತೀನಿ, ಓಡಿ ಎಲ್ಲಿ ಹೊಕ್ಕಾಳ ನೋಡ್ತೀನಿ ಅಂದ್ಲು. ಬಂದ ಮಂದಿ ಮನ್ಯಾಗ ಹೋಳಿಗಿ ಮುಂದ ಕುಂತಾರ. ಇಲ್ಲಿ ಎರಡ ಕಿಲೋಮೀಟರಿಗೆ ಐದ ಕಡೆ ನಿಂತೇತಿ ಗಾಡಿ. ಈಕಿ ಈ ಹಾದ್ಯಾಗ ಒಂದ ಕಲ್ಲೂ ನೋಡಿಲ್ಲ, ರೈಲಿನ್ಯಾಗ ಬಂದ ಹೋದಾಕಿ!”

ನಾನೂ ಶಿವಪುತ್ರನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಎರಡೂ ಗಾಡಿಯ ಬಾಗಿಲು ತೆರೆದವು. ಅತ್ತೆ ಮೊಣಕಾಲು ಹಿಡಿದುಕೊಂಡು ಇಳಿದರು, ಸಣ್ಣತ್ತೆ ಸೊಂಟ ಹಿಡಿದುಕೊಂಡು ಇಳಿದರು. ಎರಡು ಮಾರು ದೂರದಲ್ಲಿ ಇಬ್ಬರೂ ನಿಂತರು.

“ಬಂದ್ಯಾ?” ಅಂದರು ಸಣ್ಣತ್ತೆ.

“ಬಂದೆ.”

“ಹನ್ನೊಂದೂವರಿ ಆಗಿ ಹೋತು.”

“ಆಗ್ಲಿ. ನಿನ್ನ ಹಲ್ಲ ಎಲ್ಲಿ ಹೋದು?”

“ನಿನ್ನ ದಾರಿ ನೋಡಿ ನೋಡಿ ಉದುರಿದು.” ಹಾಗಂದು ಸಣ್ಣತ್ತೆ ಮುಖ ತಿರುಗಿಸಿದರು. ತಿರುಗಿಸಿದ ಮುಖವನ್ನು ಅತ್ತೆ ಗದ್ದ ಹಿಡಿದು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡರು. “ತಿಪ್ಪಿ, ನಮ್ಮವ್ವನ ಮನಿ ಬಾಗಲಾ ಸಿಕ್ಕೇತಿ, ಗೊತ್ತೈತೇನ? ಹೊಲದಾಗ ನಿಲ್ಲಿಸ್ಯಾರ.”

“ಯಾವ ಬಾಗಲಾ? ನಮ್ಮವ್ವನ ಮನಿಗೆ ಬಾಗಲಾ ಎಲ್ಲಿತ್ತ? ಗೋಣಿತಟ್ಟ ಕಟ್ಟಿದ್ರಲ್ಲ!”

ಅತ್ತೆ ತಂಗಿಯ ಗದ್ದದಿಂದ ಕೈ ತೆಗೆದರು. “ಹೌದಲಾ” ಅಂದರು. ಇಪ್ಪತ್ತೈದು ನಿಮಿಷ! ನನ್ನ ಇಪ್ಪತ್ತೈದು ನಿಮಿಷ, ಗೋಣಿತಟ್ಟಿಗೆ! ನಾನು ಅಲ್ಲೇ ನೆಲದ ಮೇಲೆ ಕೂತೆ. ಅವರಿಬ್ಬರು ಮಾತ್ರ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಗುವುದೋ ಅಳುವುದೋ ಗೊತ್ತಾಗದ ಹಾಗೆ ಅಲ್ಲಾಡುತ್ತಿದ್ದರು.

ನಮ್ಮ ಮನೆಯವರು ಬೆಳಗಿನಿಂದ ಮಾಡಿದ ಒಂದೇ ಒಂದು ಉಪಕಾರದ ಕೆಲಸವನ್ನು ಆಗ ಮಾಡಿದರು. ತೊಟ್ಟಿಲು ಎತ್ತಿ ತಂದು, ಹೊರೆಗಲ್ಲಿನ ಅಡ್ಡಗಲ್ಲಿಗೆ ಹಗ್ಗ ಹಾಕಿ ಬಿಗಿದರು. ಎತ್ತರ ಅಳತೆ ಮಾಡಿಸಿದ ಹಾಗೆ ಕೂಡಿ ಬಂತು. ಕೂಸನ್ನು ಮಲಗಿಸಿದರು. ಅತ್ತೆ ಹಗ್ಗ ಹಿಡಿದು ಬಗ್ಗಿದರು, ಕೂಸಿನ ಕಿವಿಯಲ್ಲಿ “ಕುರ್ರ್” ಅಂದು ತಮ್ಮ ಅವ್ವನ ಹೆಸರು ಹೇಳಿದರು. ಹೆಸರು ಹೇಳುವವಳ ಬೆನ್ನಿಗೆ ಸುತ್ತ ನಿಂತ ಹೆಂಗಸರು ಗುದ್ದಬೇಕು, ಅದು ಪದ್ಧತಿ. ಮೆಲ್ಲಗೆ, ಶಾಸ್ತ್ರಕ್ಕೆ ಗುದ್ದುವುದು. ಸಣ್ಣತ್ತೆ ಶಾಸ್ತ್ರಕ್ಕೆ ಗುದ್ದಲಿಲ್ಲ. ಗುದ್ದಿದರು, ಮತ್ತೆ ಗುದ್ದಿದರು, ಅಳುತ್ತ ಗುದ್ದಿದರು. ವರ್ಷಕ್ಕೊಂದರಂತೆ ಹಾಕಿದರೋ ಏನೋ. ಅತ್ತೆ ಎದ್ದೇಳಲಿಲ್ಲ, ಬಗ್ಗಿಕೊಂಡೇ “ಇನ್ನೊಂದ ಹಾಕು, ಇನ್ನೊಂದ ಹಾಕು” ಅನ್ನುತ್ತಿದ್ದರು. ಕೊನೆಗೆ ನನ್ನ ಕಡೆ ಕತ್ತು ತಿರುಗಿಸಿ “ನಿಂದೂ ಐತಿ, ಬಾ” ಅಂದರು. ರೋಲರಿನಿಂದ ಹಿಡಿದು ಗೋಣಿತಟ್ಟಿನವರೆಗಿನ ಸಿಟ್ಟನ್ನೆಲ್ಲ ಮುಷ್ಟಿಗೆ ತಂದುಕೊಂಡು ನಾನೂ ಎದ್ದು ಹೋದೆ. ಹೋಗಿ, ಏನಾಯಿತೋ, ಬೆನ್ನಿನ ಮೇಲೆ ಕೈ ಇಟ್ಟು ಹಾಗೆಯೇ ನಿಂತೆ.

ಹೆಸರಿಟ್ಟು ಮುಗಿದರೂ ಎರಡೂ ಗಾಡಿಯ ಎಂಜಿನ್ ಉಸಿರೆತ್ತಲಿಲ್ಲ. ಅಷ್ಟರಲ್ಲಿ ಬೆಳಗಿನ ಬಸ್ಸು ತಿರುಗಿ ಬಂದು, ತಿರುವಿನಲ್ಲಿ ದಾಟಲು ಜಾಗವಿಲ್ಲದೆ ಟಂಟಮ್ಮಿನ ಹಿಂದೆ ನಿಂತು ಹಾರ್ನ್ ಹೊಡೆಯತೊಡಗಿತು. ಅದೇ ಕಂಡಕ್ಟರ್ ಇಳಿದು ಬಂದ. ಅಕ್ಕತಂಗಿಯರು ತೊಟ್ಟಿಲ ಎರಡೂ ಬದಿಗೆ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತ, ಯಾರ ಕೂದಲು ಮೊದಲು ಬೆಳ್ಳಗಾಯಿತು ಅಂತ ಜಗಳಾಡುತ್ತಿದ್ದರು. ಎರಡೂ ಬೆನ್ನು ಕಲ್ಲಿಗೆ ಆನಿಕೊಂಡಿದ್ದವು. “ಕಸ್ತೂರಕ್ಕಾ, ಆ ಮುದುಕ್ಯಾರಿಗೆ ಹೇಳ, ಕಲ್ಲ ನೋಡಂತ, ಗಾಡಿ ಹೊರಡ್ಲಿ! ಒಂದ ನಿಮಿಷದ ಕೆಲಸ!” ಅಂದ ಕಂಡಕ್ಟರ್.

ನಾನು ಹೇಳಲೆಂದೇ ಹೋದೆ. ಹೋಗುವಾಗ ಕಂಡೆ. ಮಾತಿನ ನಡುವೆ ಅತ್ತೆಯ ಕಣ್ಣು ತಲೆಯ ಮೇಲಿನ ಅಡ್ಡಗಲ್ಲಿನ ಕಡೆಗೆ ಏಳುವುದರಲ್ಲಿತ್ತು. ಅರ್ಧಕ್ಕೇ ತಡೆದು, ಗಪ್ಪನೆ ತಲೆ ಬಗ್ಗಿಸಿಕೊಂಡರು. ಎದುರಿಗೆ ಸಣ್ಣತ್ತೆಯೂ ಬಗ್ಗಿಸಿಕೊಂಡೇ ಇದ್ದರು.

ಕಂಡಕ್ಟರನ ಕಡೆಗೆ ತಿರುಗಿದೆ. “ನೋಡ್ತಾರ ತಡಿಯೋ” ಅಂದೆ. “ನಿಮ್ಮ ಬಸ್ಸಿನ್ಯಾಗ ಹಸದಾವ್ರು ಯಾರರೆ ಇದ್ರ ಕೇಳು, ಚಕ್ಕಲಿ ಉಳದಾವು.” ಆಮೇಲೆ ಓಮ್ನಿಯ ಕೀಲಿ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡೆ.